ಎಂಟು ದಿನದಲ್ಲಿ ಐದು ದೇಶವೇ, ಮೂರು ವಾರ ಒಂದೇ ದೇಶವೇ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ವಯಸ್ಸು 51. ನಮ್ಮ ಯಜಮಾನರಿಗೆ 56. ಎರಡೂವರೆ ಎಕರೆ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಇಷ್ಟು ವರ್ಷ ಭೂಪಟದ ಮೇಲೆ ಕೋಲಿಟ್ಟು ಮಕ್ಕಳಿಗೆ ತೋರಿಸಿದ ಯಾವ ದೇಶಕ್ಕೂ ಹೋಗಿಲ್ಲ. ಇಬ್ಬರಿಗೂ ಸೇರಿ ಎರಡೂವರೆ ಲಕ್ಷ ರೂಪಾಯಿ ಕೂಡಿಟ್ಟಿದ್ದೇವೆ. ಬೆಂಗಳೂರಿನಲ್ಲಿರುವ ಮಗ, ‘ಎಂಟು ದಿನದಲ್ಲಿ ಯೂರೋಪಿನ ಐದು ದೇಶ ತೋರಿಸುವ ಪ್ಯಾಕೇಜ್ ಇದೆ, ಕಡಿಮೆ ಬಿದ್ದದ್ದನ್ನು ನಾನು ಹಾಕುತ್ತೇನೆ’ ಎನ್ನುತ್ತಾನೆ. ನಾವೇ ಹೊರಟು ಅಗ್ಗದಲ್ಲಿ ತಿರುಗುವುದು ಹುಡುಗರ ಕೆಲಸ, ನಮ್ಮ ವಯಸ್ಸಿಗೆ ಆಗದು ಎಂಬುದು ಅವನ ವಾದ. ಖಾತೆಯಲ್ಲಿ ಐದು ಲಕ್ಷ ಇಲ್ಲದಿದ್ದರೆ ವೀಸಾ ಸಿಗುವುದಿಲ್ಲ, ಯಾರ ಹತ್ತಿರವಾದರೂ ತಂದು ಒಂದು ತಿಂಗಳು ಇಡಿ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಯಜಮಾನರು ಮೊಟ್ಟೆಯನ್ನೂ ಮುಟ್ಟುವವರಲ್ಲ. ನನ್ನ ಇಂಗ್ಲಿಷ್ ಪಠ್ಯಪುಸ್ತಕದಷ್ಟೇ. ಇದೆಲ್ಲ ಒಂದು ಕಡೆ ಇರಲಿ, ಇಷ್ಟು ಖರ್ಚು ಮಾಡಿ ಬಂದರೆ ಲೋಕವನ್ನು ನೋಡುವ ರೀತಿ ನಿಜಕ್ಕೂ ಬದಲಾಗುತ್ತದೆಯೇ? ಹೋಗಿ ಬಂದ ನೆಂಟರ ಮೊಬೈಲಿನಲ್ಲಿ ಫೋಟೋ ಕಂಡಿದ್ದೇನೆ. ಮಾತಿನಲ್ಲಿ ಹೊಸದೇನೂ ಕಾಣಲಿಲ್ಲ.

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ದುಡ್ಡಿನ ಲೆಕ್ಕ, ವೀಸಾದ ಭಯ, ಊಟದ ಚಿಂತೆ ಎಲ್ಲವೂ ಇವೆ. ಆದರೆ ನಿಮ್ಮನ್ನು ನಿಜಕ್ಕೂ ಕಾಡುತ್ತಿರುವುದು ಕೊನೆಯ ಪ್ರಶ್ನೆ ಎಂದು ನನಗನ್ನಿಸುತ್ತದೆ. ಶಿವಮೊಗ್ಗದಲ್ಲಿ ಟಿಕೆಟ್ಟು, ವೀಸಾ, ಪ್ರವಾಸಗಳ ಕೆಲಸ ಮಾಡಿಕೊಂಡು ಬಂದ ನನ್ನ ಮೇಜಿನ ಮುಂದೆ ಕುಳಿತವರಲ್ಲಿ ಅದನ್ನು ಕೇಳಿದವರು ಬಹಳ ಕಡಿಮೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕ ಮುಗಿಸೋಣ.

ಪ್ಯಾಕೇಜ್ ಎಂದರೆ ಮೋಸ ಎಂದು ಹೇಳುವವನು ನಾನಲ್ಲ. ಅದನ್ನು ಮಾರಿಯೇ ಅನ್ನ ಉಂಡಿದ್ದೇನೆ. ಕೈಲಾಸ ಮಾನಸ ಸರೋವರದಂಥ ಕಡೆಗೆ ಗುಂಪಿನಲ್ಲಿ ಹೋಗದೆ ದಾರಿಯಿಲ್ಲ. ಒಂದು ಹೆಜ್ಜೆಯನ್ನೂ ತಾವಾಗಿ ಇಡಲು ಮನಸ್ಸಿಲ್ಲದವರಿಗೂ ಅದು ಸರಿಯೇ. ಆದರೆ ಎಂಟು ದಿನದ ಐದು ದೇಶದ ಒಳಗೆ ಏನಿದೆ ಎಂದು ಬಿಡಿಸಿ ನೋಡಿ. ಹೋಗುವ ದಿನ, ಬರುವ ದಿನ ವಿಮಾನಕ್ಕೆ ಹೋದವು. ಉಳಿದ ಆರು ದಿನದಲ್ಲಿ ಐದು ದೇಶ ಎಂದರೆ ಹಗಲಿನ ಹೆಚ್ಚು ಪಾಲು ಬಸ್ಸಿನ ಕಿಟಕಿಯ ಪಕ್ಕ. ನಡುವೆ ಅಂಗಡಿಗೆ ಕರೆದೊಯ್ಯುವ ನಿಲುಗಡೆಗಳು. ಅಲ್ಲಿಂದ ಕಮಿಷನ್ ಬರುವುದರಿಂದಲೇ ಎಷ್ಟೋ ಪ್ಯಾಕೇಜುಗಳ ಬೆಲೆ ಮೇಲುನೋಟಕ್ಕೆ ಕಡಿಮೆ ಕಾಣುತ್ತದೆ. ಯೂರೋಪಿನ ಬಹುತೇಕ ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾದ ಶುಲ್ಕವೇ ತಲೆಗೆ 90 ಯೂರೋ, ತಿರಸ್ಕರಿಸಿದರೂ ವಾಪಸ್ ಇಲ್ಲ. 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಜೊತೆಗೆ ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡ ಕ್ಷಣವೇ ಟಿಸಿಎಸ್ ಎಂದು ಮೂಲದಲ್ಲಿ ತೆರಿಗೆ ಹಿಡಿಯುತ್ತಾರೆ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಸರಿಹೊಂದಿಸಿಕೊಳ್ಳಬಹುದು, ಆದರೆ ಹೊರಡುವ ಹೊತ್ತಿಗೆ ಕೈಯಿಂದ ಹೋಗುವುದಂತೂ ನಿಜ.

ಪ್ರವಾಸದ ಖರ್ಚು ಏರುವುದು ದೂರದಿಂದ ಎಂದು ಎಲ್ಲರೂ ತಿಳಿದಿದ್ದಾರೆ. ನಾನು ಕಂಡಂತೆ ಅದು ಏರುವುದು ಅವಸರದಿಂದ. ದಿನಕ್ಕೊಂದು ಊರು ಬದಲಿಸಿದರೆ ದಿನವೂ ಪ್ರಯಾಣದ ದರ ಕಟ್ಟಬೇಕು, ಹೊಸ ಕೋಣೆ ಹುಡುಕಬೇಕು, ಗೊತ್ತಿಲ್ಲದ ಊರಿನಲ್ಲಿ ಮೊದಲ ದಿನ ಎಲ್ಲರೂ ಕೊಡುವ ಹೆಚ್ಚಿನ ಬೆಲೆಯನ್ನು ದಿನವೂ ಕೊಡಬೇಕು. ಒಂದೇ ಕಡೆ ನಾಲ್ಕೈದು ದಿನ ನಿಂತವರಿಗೆ ಕೋಣೆಯ ಬಾಡಿಗೆ ಇಳಿಯುತ್ತದೆ, ಮಾರನೆಯ ದಿನಕ್ಕೆ ಸಿಟಿ ಬಸ್ಸಿನ ನಂಬರ್ ತಿಳಿದಿರುತ್ತದೆ, ಮೂರನೆಯ ದಿನಕ್ಕೆ ಊಟದ ಅಂಗಡಿಯವಳು ಮುಖ ಗುರುತಿಸುತ್ತಾಳೆ. ಹೀಗೆ ತಿರುಗುವುದು ಹುಡುಗರಿಗಿಂತ ನಿಮ್ಮ ವಯಸ್ಸಿನವರಿಗೇ ಹೆಚ್ಚು ಒಪ್ಪುತ್ತದೆ. ಒಂದು ಕೋಣೆಯಲ್ಲಿ ಎಂಟು ಮಂಚ ಹಾಕಿದ ಹಾಸ್ಟೆಲಿನಲ್ಲಿ ಮಲಗುವ ಅಗತ್ಯ ನಿಮಗಿಲ್ಲ. ಆಗ್ನೇಯ ಏಷ್ಯಾದ ಬಹುತೇಕ ಊರುಗಳಲ್ಲಿ ಇಬ್ಬರಿಗೆ ಸ್ನಾನದ ಮನೆ ಇರುವ ಚೊಕ್ಕ ಕೋಣೆ ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ.

ನನ್ನನ್ನು ಕೇಳಿದರೆ ವಿಯೆಟ್ನಾಂ. ಬೆಂಗಳೂರಿನಿಂದ ಹೋಗಿಬರುವ ವಿಮಾನ ದರ ಎರಡು ಮೂರು ತಿಂಗಳು ಮುಂಚೆ ನೋಡಿದರೆ ಇಬ್ಬರಿಗೂ ಸೇರಿ 55 ಸಾವಿರದ ಆಸುಪಾಸು. ಇ-ವೀಸಾ ತಲೆಗೆ 25 ಡಾಲರ್. 2023ರ ಆಗಸ್ಟ್‌ನಿಂದ ಅದು 90 ದಿನದವರೆಗೂ ಸಿಗುತ್ತದೆ. ಇಪ್ಪತ್ತೊಂದು ರಾತ್ರಿಗೆ ಕೋಣೆ 32 ಸಾವಿರ, ಊಟ ತಿಂಡಿ 25 ಸಾವಿರ, ಒಳಗಿನ ರೈಲು ಬಸ್ಸು 20 ಸಾವಿರ, ವಿಮೆ ನಾಲ್ಕು ಸಾವಿರ, ಪ್ರವೇಶ ಶುಲ್ಕ ಮತ್ತು ಚಿಲ್ಲರೆ ಖರ್ಚು 15 ಸಾವಿರ. ಎಲ್ಲ ಸೇರಿ ಒಂದೂವರೆ ಲಕ್ಷವನ್ನು ಸ್ವಲ್ಪ ದಾಟುತ್ತದೆ. ತುರ್ತಿಗೆಂದು 30 ಸಾವಿರ ಬೇರೆ ಇಟ್ಟರೂ ನಿಮ್ಮ ಎರಡೂವರೆ ಲಕ್ಷದಲ್ಲಿ ಉಳಿಯುತ್ತದೆ. ಇವು ನನ್ನ ಅಂದಾಜುಗಳು. ಡಾಲರ್ ದರವೂ ಟಿಕೆಟ್ಟಿನ ದರವೂ ಏರಿಳಿಯುತ್ತವೆ, ಹತ್ತು ಹದಿನೈದು ಸಾವಿರ ಆಚೀಚೆ ಇಟ್ಟುಕೊಳ್ಳಿ. ಮಗನಿಂದ ಏನೂ ಬೇಡ. ಕೊಡಲೇಬೇಕೆಂದರೆ ಒಂದು ಒಳ್ಳೆಯ ನಡಿಗೆಯ ಬೂಟು ಕೊಡಿಸಲಿ.

ಸಣ್ಣ ಉಳಿತಾಯದ ಹುಚ್ಚಿಗೆ ಮಾತ್ರ ಬೀಳಬೇಡಿ. ಎರಡು ಸಾವಿರ ಉಳಿಯುತ್ತದೆಂದು ಎರಡು ಕಂಪನಿಗಳ ಟಿಕೆಟ್ಟನ್ನು ಬೇರೆ ಬೇರೆ ಕೊಂಡು ನಡುವೆ ಕ್ವಾಲಾಲಂಪುರದಲ್ಲೋ ಬ್ಯಾಂಕಾಕ್‌ನಲ್ಲೋ ಬದಲಿಸುವವರಿದ್ದಾರೆ. ಮೊದಲ ವಿಮಾನ ತಡವಾದರೆ ಎರಡನೆಯ ಕಂಪನಿಗೆ ಯಾವ ಹೊಣೆಯೂ ಇಲ್ಲ, ಹೊಸ ಟಿಕೆಟ್ಟು ನಿಮ್ಮ ಖರ್ಚು. ನಡುವಿನ ದೇಶದ ವಲಸೆ ತಪಾಸಣೆಯಿಂದ ಹೊರಬಂದು ಮತ್ತೆ ಒಳಹೋಗಬೇಕಾಗಿಯೂ ಬರಬಹುದು. ನಡುರಾತ್ರಿ ಇಳಿಯುವ ವಿಮಾನದಲ್ಲಿ ಉಳಿಸಿದ್ದು ಟ್ಯಾಕ್ಸಿಗೆ ಹೋಗುತ್ತದೆ. ಕಾರ್ಡು ಉಜ್ಜುವಾಗ ಯಂತ್ರವು ‘ರೂಪಾಯಿಯಲ್ಲಿ ಕಟ್ಟುತ್ತೀರಾ’ ಎಂದು ಕೇಳಿದರೆ ಬೇಡ ಎನ್ನಿ. ಆ ಸೌಜನ್ಯದ ಹಿಂದೆ ಕೆಟ್ಟ ವಿನಿಮಯ ದರ ಅಡಗಿರುತ್ತದೆ. ಯಾವಾಗಲೂ ಆ ದೇಶದ ನಾಣ್ಯದಲ್ಲೇ ಕಟ್ಟಬೇಕು.

ವಿಮೆಯ ವಿಷಯಕ್ಕೆ ಬಂದಾಗ ಯಜಮಾನರಿಗೆ ಒಂದು ಮಾತು. ಮಲೆನಾಡಿನ ತಿರುವುಗಳಲ್ಲಿ ಬೈಕ್ ಓಡಿಸಿದವರಿಗೆ ಅಲ್ಲಿಯೂ ಒಂದು ಸ್ಕೂಟರ್ ಬಾಡಿಗೆಗೆ ಹಿಡಿಯೋಣ ಎನ್ನಿಸುವುದು ಸಹಜ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ ಪ್ರಕಾರದ್ದು. ವಿಯೆಟ್ನಾಂ ಒಪ್ಪುವುದು 1968ರ ಒಪ್ಪಂದದ್ದನ್ನು, ಅಂದರೆ ನಮ್ಮದು ಅಲ್ಲಿ ನಡೆಯದು. ಅಂಗಡಿಯವನು ಏನನ್ನೂ ಕೇಳದೆ ಕೀಲಿಕೈ ಕೊಡುತ್ತಾನೆ, ನಿಜ. ಬಿದ್ದು ಕಾಲು ಮುರಿದ ಮೇಲೆ ವಿಮಾ ಕಂಪನಿ ಮಾತ್ರ ಕೇಳುತ್ತದೆ. ಬಸ್ಸು ರೈಲು ಸಾಕು. ಹನೋಯಿಯಿಂದ ಹೋ ಚಿ ಮಿನ್ ನಗರದವರೆಗೆ 1,726 ಕಿಲೋಮೀಟರ್ ರೈಲುಮಾರ್ಗವಿದೆ; ಯುದ್ಧ ಮುಗಿದು ದೇಶ ಒಂದಾದಾಗ, 1976ರಲ್ಲಿ, ಮತ್ತೆ ಜೋಡಿಸಿದ ಮಾರ್ಗವದು. ಸಮಾಜ ವಿಜ್ಞಾನದ ಮೇಷ್ಟ್ರಿಗೆ ಅದರ ಮಲಗುವ ಬೋಗಿಯಲ್ಲಿ ಒಂದು ರಾತ್ರಿ ಕಳೆಯದೆ ಬರುವುದು ತರವಲ್ಲ.

ಈಗ ಆ ಐದು ಲಕ್ಷದ ಮಾತು. ದಯವಿಟ್ಟು ಆ ಸಲಹೆಯನ್ನು ಕೇಳಬೇಡಿ. ವಿಯೆಟ್ನಾಂ ಇ-ವೀಸಾಕ್ಕೆ ಸಾಮಾನ್ಯವಾಗಿ ಬ್ಯಾಂಕ್ ಪುಸ್ತಕವನ್ನೇ ಕೇಳುವುದಿಲ್ಲ. ಯೂರೋಪಿನಂಥ ವೀಸಾಗಳಿಗೆ ಕೇಳುತ್ತಾರೆ, ಆದರೆ ಅಲ್ಲಿ ಅಧಿಕಾರಿ ನೋಡುವುದು ಕೊನೆಯ ಸಾಲಿನ ಮೊತ್ತವನ್ನಷ್ಟೇ ಅಲ್ಲ. ಮೂರರಿಂದ ಆರು ತಿಂಗಳ ವಹಿವಾಟು ನೋಡುತ್ತಾರೆ. ತಿಂಗಳು ತಿಂಗಳು ಸಂಬಳ ಬಂದು ಹೋಗುತ್ತಿದ್ದ ಖಾತೆಗೆ ಒಂದು ದಿನ ದಿಢೀರನೆ ಐದು ಲಕ್ಷ ಬಿದ್ದರೆ ಅದು ಬೇರೆಯವರ ದುಡ್ಡು ಎಂದು ಊಹಿಸಲು ಪರಿಣತಿ ಬೇಕಿಲ್ಲ. ಅವರಿಗೆ ಬೇಕಾಗಿರುವುದು ನೀವು ಮರಳಿ ಬರುತ್ತೀರಿ ಎಂಬ ನಂಬಿಕೆ. ಅದಕ್ಕೆ ನಿಮ್ಮ ಸಂಬಳದ ಚೀಟಿ, ಇಲಾಖೆಯ ಅನುಮತಿ ಪತ್ರ ಇವೆಯಲ್ಲ. ಮಲೆನಾಡಿನ ಅನೇಕರು ಎಡವುವುದು ತೋಟದ ಆದಾಯದಲ್ಲಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ಯಾವ ವಿವರವನ್ನೂ ಸಲ್ಲಿಸಿರುವುದಿಲ್ಲ. ಅಡಿಕೆ ಮಾರಿದ ದುಡ್ಡು ವರ್ಷಕ್ಕೊಮ್ಮೆ ದೊಡ್ಡ ಗಂಟಾಗಿ ಬೀಳುತ್ತದೆ. ವೀಸಾ ಅಧಿಕಾರಿಗೆ ಅದು ಅನುಮಾನದ ಮೊತ್ತದಂತೆ ಕಾಣುತ್ತದೆ. ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್ ಅಥವಾ ನೀವು ಅಡಿಕೆ ಹಾಕುವ ಮಂಡಿಯ ಮಾರಾಟ ಬಿಲ್ಲು, ತೋಟದ ಪಹಣಿ, ಎರಡನ್ನೂ ಇಂಗ್ಲಿಷ್ ಅನುವಾದದೊಂದಿಗೆ ಲಗತ್ತಿಸಿ ಒಂದು ಪುಟದ ವಿವರಣೆ ಬರೆದರೆ ಮಾತು ಮುಗಿಯಿತು. ಮುಂದೆಂದಾದರೂ ಯೂರೋಪಿಗೆ ಹೋಗುವ ಆಸೆಯಿದ್ದರೆ ಯಜಮಾನರ ಹೆಸರಿನಲ್ಲಿ ಈ ವರ್ಷದಿಂದಲೇ ಕೃಷಿ ಆದಾಯ ತೋರಿಸಿ ವಿವರ ಸಲ್ಲಿಸುವುದು ಜಾಣತನ.

ನಮ್ಮ ಕಡೆಯವರ ಇನ್ನೊಂದು ತೊಡಕು ಹೆಸರಿನದು. ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಬರೀ ಒಂದೇ ಹೆಸರಿರುತ್ತದೆ, ಉಪನಾಮದ ಜಾಗ ಖಾಲಿ. ಅಂಥ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದಿಲ್ಲವೆಂದು ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರಿನಲ್ಲಿ ನಿಯಮ ಮಾಡಿತು. ಉಳಿದ ದೇಶಗಳ ಅರ್ಜಿ ನಮೂನೆಗಳಲ್ಲೂ ಇದು ತಲೆನೋವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಹಣಿ ಮೂರರಲ್ಲೂ ಮೂರು ರೀತಿ ಹೆಸರಿರುವುದು ಮಲೆನಾಡಿನಲ್ಲಿ ಹೊಸದೇನಲ್ಲ. ಯಜಮಾನರ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮುಂಚೆಯೇ ಅದನ್ನು ಸರಿಮಾಡಿಸಿ, ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಉಪನಾಮವಾಗಿ ತುಂಬಿಸಿ. 36 ಪುಟದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ, ಹತ್ತು ವರ್ಷ ಬರುತ್ತದೆ. ತತ್ಕಾಲಕ್ಕೆ ಹೆಚ್ಚುವರಿ 2,000 ಕೊಡುವ ಅವಸರ ನಿಮಗಿಲ್ಲ.

ನೀವು ಸರ್ಕಾರಿ ನೌಕರರಾದ್ದರಿಂದ ವಿದೇಶಕ್ಕೆ ಹೊರಡುವ ಮುಂಚೆ ಇಲಾಖೆಯ ಅನುಮತಿ ಬೇಕೇ ಬೇಕು. ಮುಖ್ಯ ಶಿಕ್ಷಕರು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೂಲಕ ಕಡತ ಸಾಗುವ ವೇಗ ನಿಮಗೇ ಚೆನ್ನಾಗಿ ಗೊತ್ತು. ಟಿಕೆಟ್ಟಿಗಿಂತ ಮುಂಚೆ ಅರ್ಜಿ ಹೋಗಲಿ.

ಕಾಲದ ಆಯ್ಕೆಯಲ್ಲಿ ನೀವು ಅದೃಷ್ಟವಂತರು. ಪ್ರವಾಸಿಗರ ಹಂಗಾಮು ಎಂದು ಎಲ್ಲರೂ ಹೇಳುವ ನವೆಂಬರಿನಿಂದ ಫೆಬ್ರವರಿ ಯಜಮಾನರಿಗೆ ಕೊನೆಕೊಯ್ಲು, ಬೇಯಿಸುವುದು, ಒಣಗಿಸುವುದು. ಹೊರಡುವ ಮಾತೇ ಇಲ್ಲ. ನಿಮಗೆ ಬೇಸಿಗೆ ರಜೆ ಸಿಗುವುದು ಏಪ್ರಿಲ್ ಎರಡನೆಯ ವಾರದಿಂದ. ಆ ಹೊತ್ತಿಗೆ ತೋಟದಲ್ಲಿ ನೀರು ಹಾಯಿಸುವುದು ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ, ಅದಕ್ಕೊಬ್ಬರನ್ನು ಗೊತ್ತುಮಾಡಬಹುದು. ಉತ್ತರ ವಿಯೆಟ್ನಾಂನಲ್ಲಿ ಏಪ್ರಿಲ್ ಹಿತವಾಗಿರುತ್ತದೆ, ನಡುಭಾಗದ ಹುಯೆ, ದಾ ನಾಂಗ್ ಕಡೆ ಮಳೆ ಕಡಿಮೆ. ದಕ್ಷಿಣದಲ್ಲಿ ಮಾತ್ರ ಸೆಕೆ. ಏಪ್ರಿಲ್ 30 ಮತ್ತು ಮೇ 1 ಅಲ್ಲಿ ರಾಷ್ಟ್ರೀಯ ರಜೆ, ರೈಲು ಹೋಟೆಲು ಎರಡೂ ತುಂಬಿರುತ್ತವೆ. ಆ ದಿನಗಳಲ್ಲಿ ಸಣ್ಣ ಊರೊಂದರಲ್ಲಿ ಕದಲದೆ ಕುಳಿತಿರಿ. ಮೇ ಕೊನೆಗೆ ಮೊದಲ ಬೋರ್ಡೋ ಸಿಂಪಡಣೆಯ ತಯಾರಿಗೆ ಯಜಮಾನರು ಮನೆಯಲ್ಲಿರಬೇಕು, ಇಲ್ಲದಿದ್ದರೆ ಕೊಳೆರೋಗ ಪ್ರವಾಸದ ನೆನಪನ್ನೆಲ್ಲ ತಿಂದುಹಾಕುತ್ತದೆ. ಎಸ್ಸೆಸ್ಸೆಲ್ಸಿಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಪದ್ಧತಿ ಬಂದ ಮೇಲೆ ಮೌಲ್ಯಮಾಪನದ ಕರೆ ಯಾವಾಗ ಬರುತ್ತದೋ ಹೇಳಲಾಗದು. ದಿನ ಬದಲಿಸಲು ಅವಕಾಶವಿರುವ ಟಿಕೆಟ್ಟಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಊಟದ ಬಗ್ಗೆ ಹೆದರಿಸುವವರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ‘ತರಕಾರಿ’ ಎಂದು ಕೊಟ್ಟ ತಟ್ಟೆಯಲ್ಲಿ ಮೀನಿನ ರಸ ಬೆರೆತಿರುವುದು ಆ ಕಡೆ ಮಾಮೂಲು. ಅದು ಅವರ ಲೆಕ್ಕದಲ್ಲಿ ಉಪ್ಪಿನಂಥದ್ದು. ಆದರೆ ವಿಯೆಟ್ನಾಂನ ಬೌದ್ಧರಲ್ಲಿ ಅನೇಕರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಶುದ್ಧ ಸಸ್ಯಾಹಾರ ಮಾಡುತ್ತಾರೆ, ಅವರಿಗಾಗಿಯೇ ಸಸ್ಯಾಹಾರ ಎಂಬರ್ಥದ ‘ಚಾಯ್’ ಫಲಕದ ಅಂಗಡಿಗಳು ಊರೂರಲ್ಲಿವೆ. ಅನ್ನ, ಐದಾರು ಬಗೆಯ ಪಲ್ಯ, ಸೋಯಾದ ಪನೀರಿನಂಥ ತೋಫು, ಸೊಪ್ಪಿನ ಸಾರು; ಹೊಟ್ಟೆ ತುಂಬ ಊಟ ನೂರೈವತ್ತು ರೂಪಾಯಿಯ ಸುತ್ತಮುತ್ತ. ಥಾಯ್ಲೆಂಡಿನಲ್ಲಿ ಹಳದಿ ಬಟ್ಟೆಯ ಮೇಲೆ ಕೆಂಪಕ್ಷರದಲ್ಲಿ ಬರೆದ ‘ಜೇ’ ಅಂಗಡಿಗಳಂತೂ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ನಮ್ಮ ಕೆಲವು ಮನೆಗಳಿಗಿಂತ ಬಿಗಿ. ಒಂದು ಡಬ್ಬಿ ಚಟ್ನಿಪುಡಿ, ಸ್ವಲ್ಪ ಅವಲಕ್ಕಿ ಚೀಲದಲ್ಲಿರಲಿ. ಇಡೀ ಪ್ರವಾಸಕ್ಕೆ ಸಾಲುವಷ್ಟು ಅಕ್ಕಿ ಹೊತ್ತುಕೊಂಡು ಹೊರಟವರನ್ನೂ ನೋಡಿದ್ದೇನೆ, ಅದು ಬೇಡ.

ಇಂಗ್ಲಿಷ್? ಅಲ್ಲಿ ಕೋಣೆ ಕೊಡುವವರದೂ ಪಠ್ಯಪುಸ್ತಕದ ಇಂಗ್ಲಿಷೇ. ಮೊಬೈಲಿನ ಅನುವಾದ, ಹತ್ತು ಬೆರಳು, ಸಾಕು.

ವಿಯೆಟ್ನಾಂ ಒಂದೇ ಸಲಕ್ಕೆ ದೊಡ್ಡದಾಯಿತು ಎನ್ನಿಸಿದರೆ ನೇಪಾಳದಿಂದ ಶುರುಮಾಡಿ. ಯಶವಂತಪುರದಿಂದ ಗೋರಖಪುರಕ್ಕೆ ರೈಲಿದೆ, ಅಲ್ಲಿಂದ ಸುನೌಲಿ ಗಡಿಗೆ ಬಸ್ಸು, ಗಡಿ ದಾಟಿದರೆ ಲುಂಬಿನಿ ಹತ್ತಿರ. ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು, ಆಧಾರ್ ನಂಬಿ ಹೋಗಬೇಡಿ. ನಮ್ಮ ಒಂದು ರೂಪಾಯಿಗೆ ಅವರದು 1.60, ಬಹುಕಾಲದಿಂದ ಬದಲಾಗದ ದರ. ಮೂರು ವಾರ ಇಬ್ಬರಿಗೂ ಒಂದು ಲಕ್ಷದೊಳಗೆ ಮುಗಿಯುತ್ತದೆ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯಿಂದ ಹೋದವರು ಎಂಬುದು ಯಜಮಾನರಿಗೆ ಖುಷಿ ಕೊಡಬಹುದು. ಅಡಚಣೆ ಎಂದರೆ ಏಪ್ರಿಲ್ ಮೇ ತಿಂಗಳ ಬಯಲುಸೀಮೆಯ ರೈಲು ಪ್ರಯಾಣ. ಗೋರಖಪುರದ ಬಿಸಿಲು ನಮ್ಮ ಮಲೆನಾಡಿನ ಮೈಗೆ ಒಗ್ಗುವಂಥದ್ದಲ್ಲ. ಭೂತಾನ್ ಚೆಂದದ ದೇಶ, ಆದರೆ ಭಾರತೀಯರಿಗೂ ರಾತ್ರಿಗೆ ತಲಾ 1,200 ರೂಪಾಯಿ ಶುಲ್ಕವಿದೆ. ಹತ್ತು ರಾತ್ರಿಗೆ ಇಬ್ಬರಿಗೆ 24 ಸಾವಿರ, ಕೋಣೆ ಊಟ ಬೇರೆ. ನಿಧಾನವಾಗಿ ತಿರುಗುವವರಿಗೆ ಅದು ಹೊಂದುವುದಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಇಲ್ಲ ಮೇಡಂ, ವಿಮಾನ ಹತ್ತಿದ ಮಾತ್ರಕ್ಕೆ ಯಾರ ದೃಷ್ಟಿಯೂ ಬದಲಾಗುವುದಿಲ್ಲ. ‘ಅಲ್ಲಿನ ರಸ್ತೆ ನೋಡಬೇಕು, ನಮ್ಮದೂ ಒಂದು ದೇಶವೇ’ ಎಂದು ಬರುವವರೂ ‘ಏನಿದ್ದರೂ ನಮ್ಮ ಸಂಸ್ಕೃತಿಯೇ ಮೇಲು’ ಎಂದು ಬರುವವರೂ ನನ್ನ ಗಿರಾಕಿಗಳಲ್ಲಿ ಧಾರಾಳವಾಗಿದ್ದಾರೆ. ಇಬ್ಬರೂ ಹೋಗುವ ಮುಂಚೆಯೇ ಅದನ್ನು ನಂಬಿದ್ದರು. ಅವಸರದ ಪ್ರವಾಸ ಇದ್ದ ನಂಬಿಕೆಗೆ ಮೊಳೆ ಹೊಡೆದು ಕಳಿಸುತ್ತದೆ, ಅಷ್ಟೆ. ಬೇರೆಯಾಗಿ ಬಂದವರನ್ನೂ ಕಂಡಿದ್ದೇನೆ. ಅವರಲ್ಲಿ ಸಾಮಾನ್ಯವಾದ ಗುಣ ಒಂದೇ: ತಮ್ಮ ಊರಿನ ಯಾವುದೋ ಒಂದು ವಿಷಯ ಅವರಿಗೆ ಆಳವಾಗಿ ಗೊತ್ತಿತ್ತು, ಅದನ್ನು ಹಿಡಿದುಕೊಂಡು ಹೋಗಿ ಅಲ್ಲಿ ಹುಡುಕಿದರು.

ನಿಮ್ಮಿಬ್ಬರ ಹತ್ತಿರ ಅಂಥದ್ದು ಬೇಕಾದಷ್ಟಿದೆ. ಮೊದಲನೆಯದು ಅಡಿಕೆ. ಉತ್ತರ ವಿಯೆಟ್ನಾಂನ ಹಳ್ಳಿಯ ಹಳೆಯ ಮನೆಗಳಲ್ಲಿ ಹಿತ್ತಿಲಿಗೆ ಬಾಳೆ, ಅಂಗಳಕ್ಕೆ ಅಡಿಕೆ ಎಂಬ ಪದ್ಧತಿಯಿದೆ. ಹೆಣ್ಣು ನಿಶ್ಚಯಕ್ಕೆ ಗಂಡಿನ ಕಡೆಯವರು ಅಡಿಕೆ ಗೊನೆ, ವೀಳ್ಯದೆಲೆ ಹರಿವಾಣದಲ್ಲಿ ಹೊತ್ತು ತರುತ್ತಾರೆ. ಹಳ್ಳಿಯ ಮುದುಕಿಯರು ಇನ್ನೂ ಕವಳ ಹಾಕುತ್ತಾರೆ, ಮೊಮ್ಮಕ್ಕಳು ಮುಟ್ಟುವುದಿಲ್ಲ. ನಡುಭಾಗದ ಕ್ವಾಂಗ್ ಙಾಯ್ ಪ್ರಾಂತ್ಯದಲ್ಲಿ ಎಳೆಯ ಅಡಿಕೆಯನ್ನು ಚೀನಾದ ವ್ಯಾಪಾರಿಗಳಿಗೆ ಮಾರುತ್ತಾರೆ; ಅವರು ಕೊಂಡರೆ ಬೆಲೆ ಗಗನಕ್ಕೆ, ಕೊಳ್ಳದಿದ್ದರೆ ಗೊನೆ ಮರದಲ್ಲೇ. ಗುಟ್ಕಾ ಕಂಪನಿಗಳ ಖರೀದಿಯ ಮೇಲೆ ಕಣ್ಣಿಟ್ಟು ಕೂರುವ ನಮ್ಮ ಬೆಳೆಗಾರರಿಗೆ ಈ ಕಥೆ ಅಪರಿಚಿತವೇ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ತೈವಾನ್ ಸರ್ಕಾರ ಹಣ ಕೊಟ್ಟು ಅಡಿಕೆಯಿಂದ ಬೇರೆ ಬೆಳೆಗೆ ರೈತರನ್ನು ತಿರುಗಿಸುವ ಯೋಜನೆ ತಂದಿದೆ. ಇಲ್ಲಿ ಕೂತು ಇದನ್ನು ಓದಿದರೆ ಸಿಟ್ಟು ಬರುತ್ತದೆ. ಅದೇ ಬೆಳೆಯನ್ನು ಬೆಳೆಯುವ ಇನ್ನೊಬ್ಬನ ಅಂಗಳದಲ್ಲಿ ಕೂತು ಅವನು ಏನು ಮಾಡುತ್ತಾನೆ, ನಡುವೆ ಏನು ನೆಟ್ಟಿದ್ದಾನೆ, ಮಗ ಊರಲ್ಲಿದ್ದಾನೋ ಪಟ್ಟಣ ಸೇರಿದನೋ ಎಂದು ಕೇಳಿದರೆ ಸಿಟ್ಟಿನ ಜಾಗದಲ್ಲಿ ಬೇರೇನೋ ಹುಟ್ಟುತ್ತದೆ. ಎಲೆಚುಕ್ಕಿ ರೋಗಕ್ಕೆ ಅವರು ಏನು ಹೊಡೆಯುತ್ತಾರೆ ಎಂದು ಯಜಮಾನರು ಕೇಳದೆ ಇರುತ್ತಾರೆಯೇ?

ಎರಡನೆಯದು ನೀರು. ಹನೋಯಿಯಿಂದ ನೈಋತ್ಯಕ್ಕೆ ಸುಮಾರು 75 ಕಿಲೋಮೀಟರ್ ದೂರದಲ್ಲಿ ದಾ ನದಿಗೆ ಕಟ್ಟಿದ ಹುವಾ ಬಿನ್ ಅಣೆಕಟ್ಟಿದೆ. ಸೋವಿಯತ್ ನೆರವಿನಿಂದ 1979ರಲ್ಲಿ ಶುರುವಾಗಿ 1994ರಲ್ಲಿ ಮುಗಿದದ್ದು, ಆಗ 1,920 ಮೆಗಾವಾಟ್. ಅದರ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು, ಗುಡ್ಡಗಾಡಿನ ಹತ್ತಾರು ಸಾವಿರ ಜನ ಗಂಟುಮೂಟೆ ಕಟ್ಟಿದರು. 1964ರ ಲಿಂಗನಮಕ್ಕಿ, ಶರಾವತಿ ಮುಳುಗಡೆಯ ಸಂತ್ರಸ್ತರ ಮೊಮ್ಮಕ್ಕಳೋ ಮರಿಮಕ್ಕಳೋ ನಿಮ್ಮ ತರಗತಿಯಲ್ಲೇ ಕುಳಿತಿರಬಹುದು. ಅವರ ಮನೆಗಳಲ್ಲಿ ಹಕ್ಕುಪತ್ರದ ಮಾತು ಇಂದಿಗೂ ಮುಗಿದಿಲ್ಲ. ಸಮಾಜವಾದಿ ಸರ್ಕಾರ, ಬೇರೆ ಭಾಷೆ, ಬೇರೆ ಕಾಲ. ನಾಡಿಗೆ ಬೆಳಕು ಬೇಕೆಂದು ಬೆಟ್ಟದವರನ್ನು ಎಬ್ಬಿಸಿದ್ದು ಮಾತ್ರ ಎರಡೂ ಕಡೆ ಒಂದೇ. ಪರಿಹಾರ ಹೇಗೆ ಕೊಟ್ಟರು, ಜನ ಎಲ್ಲಿ ನೆಲೆಸಿದರು ಎಂಬುದರಲ್ಲಿ ವ್ಯತ್ಯಾಸವಿದೆಯೇ? ಇದ್ದರೆ ಏಕೆ? ಇದು ನಿಮ್ಮ ವಿಷಯ, ನಾನು ಪಾಠ ಮಾಡಬಾರದು. ಅದೇ ರಸ್ತೆಯಲ್ಲಿ ಮುಂದೆ ಮಾಯ್ ಚೌ ಕಣಿವೆ ಸಿಗುತ್ತದೆ. ‘ಬಿಳಿ ಥಾಯ್’ ಎಂಬ ಬುಡಕಟ್ಟಿನ ಜನರ ಕಂಬದ ಮೇಲಿನ ಮನೆಗಳಲ್ಲಿ ಹೋಂಸ್ಟೇ, ಸುತ್ತ ಗದ್ದೆ. ಐದು ದಿನ ಅಲ್ಲಿರಿ. ಹೋಂಸ್ಟೇಯಿಂದ ಊರಿನವರ ಕೈಗೆ ಏನು ಬರುತ್ತದೆ, ಊರಿಂದ ಏನು ಹೋಗುತ್ತದೆ ಎಂಬುದನ್ನು ನಮ್ಮ ಆಗುಂಬೆ, ಹೊಸನಗರದ ಕಡೆ ಕಂಡವರ ಕಣ್ಣಿಗೆ ಅದು ಬೇಗ ತಿಳಿಯುತ್ತದೆ.

ಅಲ್ಲಿನ ಶಾಲೆಗಳು ಮೇ ಕೊನೆಯವರೆಗೂ ನಡೆಯುತ್ತವೆ. ಒಳಗೆ ಹೋಗಬೇಕೆಂದು ನಿಮಗೆ ಆಸೆಯಾಗುತ್ತದೆ, ಗೊತ್ತು. ನೇರವಾಗಿ ಗೇಟು ದಾಟಬೇಡಿ, ಮಕ್ಕಳ ಫೋಟೋ ತೆಗೆಯಬೇಡಿ. ಉಳಿದುಕೊಂಡ ಮನೆಯವರಿಗೆ ನಾನೂ ಶಿಕ್ಷಕಿ ಎಂದು ಹೇಳಿ. ಅವರು ಯಾರನ್ನಾದರೂ ಕರೆತರುತ್ತಾರೆ, ತರದಿದ್ದರೂ ಪರವಾಗಿಲ್ಲ.

ಸದ್ಯಕ್ಕೆ ಮಾಡಬೇಕಾದದ್ದು: ಯಜಮಾನರ ದಾಖಲೆಗಳ ಹೆಸರು ಸರಿಮಾಡಿಸಿ ಪಾಸ್‌ಪೋರ್ಟಿಗೆ ಅರ್ಜಿ, ನಿಮ್ಮ ಇಲಾಖೆಗೆ ಅರ್ಜಿ, ಜನವರಿಯಲ್ಲಿ ಟಿಕೆಟ್ಟು, ಮಾರ್ಚಿನಲ್ಲಿ ಇ-ವೀಸಾ. ನಿಮ್ಮ ಪಾಸ್‌ಪೋರ್ಟ್ ಹಳೆಯದಿದ್ದರೆ, ಪ್ರಯಾಣದ ದಿನದಿಂದ ಮುಂದಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿದೆಯೇ ನೋಡಿಕೊಳ್ಳಿ. ಇ-ವೀಸಾ ಹುಡುಕಿದಾಗ ಮೊದಲು ಕಾಣುವ ಜಾಲತಾಣಗಳು ಹೆಚ್ಚಾಗಿ ಮಧ್ಯವರ್ತಿಗಳವು, ಎರಡು ಮೂರು ಪಟ್ಟು ಕೀಳುತ್ತವೆ. ಸರ್ಕಾರದ ಜಾಲತಾಣದ ವಿಳಾಸ ‘ಗವ್ ಡಾಟ್ ವಿಎನ್’ ಎಂದು ಕೊನೆಯಾಗುತ್ತದೆ. ಅರ್ಜಿಯಲ್ಲಿ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ ಅಕ್ಷರಶಃ ಹೊಂದಬೇಕು. ಒಂದು ಅಕ್ಷರ ತಪ್ಪಿದರೂ ಹೊಸ ಅರ್ಜಿ, ಹೊಸದಾಗಿ 25 ಡಾಲರ್.